ದುರ್ಯೋಧನನನ್ನು ಎಲ್ಲಿ ಹುಡುಕುವುದು?

1930ರ ಮಾರ್ಚ್ 12ರ ಬೆಳಿಗ್ಗೆ ಗಾಂಧೀಜಿ ಸಾಬರಮತಿ ಆಶ್ರಮದಿಂದ ದಂಡಿಯ ಕಡೆಗೆ ಹೆಜ್ಜೆ ಹಾಕಿದರು. ಅದೇ ದಿನ ಅವರ ಗುಜರಾತಿ ಗೀತಾನುವಾದ ‘ಅನಾಸಕ್ತಿಯೋಗ’ ಹೊರಬಂತು. ಹತ್ತೊಂಬತ್ತು ವರ್ಷಗಳ ಅನಂತರ, 1949ರ ನವೆಂಬರ್ 15ರಂದು, ಅವರನ್ನು ಕೊಂದ ನಾಥೂರಾಮ್ ಗೋಡ್ಸೆಯನ್ನು ಅಂಬಾಲಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಗಲ್ಲುಗಂಬದ ಕಡೆಗೆ ನಡೆದಾಗ ಅವನ ಕೈಯಲ್ಲಿ ಇದ್ದದ್ದೂ ಭಗವದ್ಗೀತೆಯೇ.

ಪುಸ್ತಕ ಒಂದೇ. ಅದೇ ಹದಿನೆಂಟು ಅಧ್ಯಾಯ, ಅದೇ ಏಳುನೂರು ಶ್ಲೋಕ. ಹಾಗಿದ್ದೂ ಇಬ್ಬರಲ್ಲಿ ಒಬ್ಬರು ಅದರಿಂದ ತಮ್ಮೊಳಗಿನ ಸಿಟ್ಟು, ಭಯ, ಆಸೆಗಳ ಜೊತೆ ಕಾದಾಡಲು ಕಲಿತರು. ಇನ್ನೊಬ್ಬ ಅದನ್ನು ಹಿಡಿದುಕೊಂಡೇ ತಾನು ಎದುರಿಗಿದ್ದ ಒಬ್ಬ ಮುದುಕನನ್ನು ಕೊಂದದ್ದು ಧರ್ಮವೆಂದು ನಂಬಿದ. ಯುದ್ಧಭೂಮಿ ಎಲ್ಲಿದೆ ಎಂದು ಓದುಗ ತಿಳಿದುಕೊಳ್ಳುತ್ತಾನೋ ಅದರ ಮೇಲೆ ಇಡೀ ಗ್ರಂಥದ ಅರ್ಥ ನಿಂತಿದೆ. ಧರ್ಮಗ್ರಂಥವನ್ನು ರೂಪಕವಾಗಿ, ಒಳಗಿನ ಅರಿವಿನ ಕಥೆಯಾಗಿ ಓದಬಹುದೇ ಎಂಬ ಪ್ರಶ್ನೆ ಪಂಡಿತರ ಕೋಣೆಯೊಳಗಿನ ಚರ್ಚೆ ಅಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ.

ನಾನು ಕುಂದಾಪುರದ ಕಡೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈಗ ಶನಿವಾರ ಸಂಜೆ ನಮ್ಮೂರ ದೇವಸ್ಥಾನದ ಸಭಾಭವನದಲ್ಲಿ ಗೀತೆ ಮತ್ತು ಭಾರತದ ಓದು ನಡೆಸುತ್ತೇನೆ. ಬರುವವರಲ್ಲಿ ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾದವರು, ಮನೆಗೆಲಸ ಮುಗಿಸಿ ಬರುವ ಹೆಂಗಸರು, ಒಬ್ಬಿಬ್ಬರು ಕಾಲೇಜು ಹುಡುಗರು. ಓದು ಹೊಸದಾಗಿ ಆರಂಭವಾದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಮಾಷ್ಟ್ರೇ, ಈ ಯುದ್ಧ ನಿಜವಾಗಿ ಆದದ್ದೋ, ಅಲ್ಲ ಮನಸ್ಸಿನೊಳಗಿನದ್ದೋ?”

ನಮ್ಮ ಕರಾವಳಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಭಾರತವನ್ನು ಓದುವುದಕ್ಕಿಂತ ಮೊದಲು ಕೇಳುತ್ತೇವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆಶುವಾಗಿ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಇಂಥವರ ಅರ್ಥ ಕೇಳಿ ಬೆಳೆದ ತಲೆಮಾರು ನಮ್ಮದು. ‘ಕೃಷ್ಣ ಸಂಧಾನ’ದ ಕೌರವ ಒಂದು ರಾತ್ರಿ ಬರೀ ಹಟಮಾರಿ. ಇನ್ನೊಂದು ರಾತ್ರಿ, ಇನ್ನೊಬ್ಬ ಅರ್ಥಧಾರಿಯ ಬಾಯಲ್ಲಿ, ಅವನದೂ ಒಂದು ನ್ಯಾಯ ಇದೆಯಲ್ಲ ಅನ್ನಿಸುತ್ತದೆ. ಪದ್ಯ ಅದೇ, ಅರ್ಥ ಬೇರೆ. ಗದ್ದೆ ಕೆಲಸ ಮುಗಿಸಿ ಬಂದು ಚಾಪೆಯ ಮೇಲೆ ಕುಳಿತ ಜನಕ್ಕೆ ಒಂದು ಮಾತಿಗೆ ಹಲವು ಅರ್ಥ ಇರಬಲ್ಲದು ಎಂಬುದನ್ನು ಯಾರೂ ಪಾಠ ಹೇಳಿ ಕಲಿಸಬೇಕಿರಲಿಲ್ಲ.

ಕನ್ನಡ ಸಾಹಿತ್ಯವೂ ಅಷ್ಟೆ. ಭಾರತದ ಪಾತ್ರವನ್ನು ‘ಇದು ಇನ್ನೊಂದರ ರೂಪ’ ಎಂದು ಓದುವುದು ನಮ್ಮಲ್ಲಿ ಸಾವಿರ ವರ್ಷದ ಅಭ್ಯಾಸ. 941ರಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ಅರ್ಜುನನನ್ನು ತನ್ನ ಒಡೆಯ ವೇಮುಲವಾಡದ ಅರಿಕೇಸರಿಯೊಂದಿಗೆ ಒಂದಾಗಿಸಿದ. ಆ ಶತಮಾನದ ಕೊನೆಗೆ ರನ್ನ ‘ಗದಾಯುದ್ಧ’ದಲ್ಲಿ ಭೀಮನ ಸ್ಥಾನಕ್ಕೆ ಚಾಲುಕ್ಯರ ಸತ್ಯಾಶ್ರಯನನ್ನು ತಂದ. ಇಬ್ಬರೂ ಮಹಾಕವಿಗಳು, ಅವರ ಕಾವ್ಯದ ಎತ್ತರ ಈ ಹೊಂದಾಣಿಕೆಯನ್ನು ಮೀರಿದ್ದು. ಆದರೂ ಆ ಹೊಂದಾಣಿಕೆಯ ದಿಕ್ಕು ಗಮನಿಸಿ. ಪುರಾಣದ ವೀರ ಹೊರಗಿನ ಒಬ್ಬ ಮನುಷ್ಯನಲ್ಲಿ, ಸಿಂಹಾಸನದ ಮೇಲೆ ಕುಳಿತವನಲ್ಲಿ, ಕಾಣಿಸಿಕೊಳ್ಳುತ್ತಾನೆ. ಆಗ ಆ ದೊರೆಯ ಶತ್ರುಗಳು ತಾವಾಗಿಯೇ ಕೌರವರಾಗುತ್ತಾರೆ.

ಇನ್ನೊಂದು ದಿಕ್ಕಿನ ಓದು ಉಡುಪಿಯಲ್ಲಿ ಹುಟ್ಟಿತು. 13ನೇ ಶತಮಾನದ ಮಧ್ವಾಚಾರ್ಯರು ‘ಮಹಾಭಾರತ ತಾತ್ಪರ್ಯನಿರ್ಣಯ’ ಎಂಬ 32 ಅಧ್ಯಾಯಗಳ ಗ್ರಂಥ ರಚಿಸಿದರು. ಭಾರತವನ್ನು ಕೆಲವರು ಮನುವಿನಿಂದ, ಕೆಲವರು ಆಸ್ತೀಕನ ಕಥೆಯಿಂದ, ಕೆಲವರು ಉಪರಿಚರ ರಾಜನ ಕಥೆಯಿಂದ ಆರಂಭಿಸಿ ಓದುತ್ತಾರೆ ಎಂಬ ಮಾತು ಆದಿಪರ್ವದಲ್ಲಿ ಬರುತ್ತದೆ. ಇಂದಿನ ಸಂಶೋಧಕರು ಅದನ್ನು ಗ್ರಂಥ ಬೆಳೆದ ಹಂತಗಳ ಗುರುತೆಂದು ನೋಡುತ್ತಾರೆ. ಮಧ್ವರು ಅದನ್ನು ಭಾರತದ ಮೂರು ಅರ್ಥಗಳೆಂದು ತೆಗೆದುಕೊಂಡರು. ಮೊದಲನೆಯದು ಕೃಷ್ಣನ ಮತ್ತು ಪಾಂಡವರ ಕಥೆ, ನಡೆದ ಹಾಗೆ. ಎರಡನೆಯದು ಮನುಷ್ಯನ ಒಳಗಿನ ಗುಣದೋಷಗಳ ಕಥೆ. ಮೂರನೆಯದರಲ್ಲಿ ಗ್ರಂಥದ ಪ್ರತಿಯೊಂದು ಶಬ್ದವೂ ವಿಷ್ಣುವನ್ನೇ ಹೇಳುತ್ತದೆ.

ಆ ಎರಡನೆಯ ಅರ್ಥದ ವಿವರ ಬೆರಗು ಹುಟ್ಟಿಸುತ್ತದೆ. ಭೀಮನೆಂದರೆ ಭಕ್ತಿ, ಜ್ಞಾನ, ವೈರಾಗ್ಯ, ಪ್ರಜ್ಞೆ, ಮೇಧೆ, ಧೃತಿ, ಸ್ಥಿತಿ, ಯೋಗ, ಪ್ರಾಣ, ಬಲ ಎಂಬ ಹತ್ತು. ದ್ರೌಪದಿ ಎಂದರೆ ಸಕಲ ವಿದ್ಯೆ. ದುರ್ಯೋಧನ ಅಜ್ಞಾನ. ದುಃಶಾಸನ ವಿಪರೀತ ಜ್ಞಾನ, ಅಂದರೆ ಇದ್ದದ್ದನ್ನು ತಲೆಕೆಳಗಾಗಿ ತಿಳಿಯುವುದು. ಶಕುನಿ ನಾಸ್ತಿಕ್ಯ. ಅಶ್ವತ್ಥಾಮ ಅಹಂಕಾರ. ದ್ರೋಣ ಮೊದಲಾದವರು ಇಂದ್ರಿಯಗಳು. ಕೌರವ ಸೈನ್ಯದ ಉಳಿದವರು ಪಾಪಗಳು, ಪಾಂಡವರ ಸೈನ್ಯ ಪುಣ್ಯಗಳು, ಅವನ್ನು ನಡೆಸುವವನು ವಿಷ್ಣು.

ಇದನ್ನು ಇಟ್ಟುಕೊಂಡು ದ್ಯೂತಸಭೆಯನ್ನು ಮತ್ತೊಮ್ಮೆ ಓದಿನೋಡಿ. ವಿದ್ಯೆಯ ಮುಡಿಗೆ ಕೈ ಹಾಕುವವನು ವಿಪರೀತ ಜ್ಞಾನ. ಅವನನ್ನು ಕಳಿಸಿದವನು ಅಜ್ಞಾನ. ಇಂದ್ರಿಯಗಳು ದ್ರೋಣರ ಹಾಗೆ ಸಭೆಯಲ್ಲಿ ತಲೆತಗ್ಗಿಸಿ ಕುಳಿತಿವೆ. ಅವುಗಳಿಗೆ ಸರಿ ಯಾವುದೆಂದು ಗೊತ್ತು, ಆದರೆ ಅನ್ನ ಹಾಕುವವನ ಪಕ್ಷ ಬಿಡಲಾರವು. ಈ ಸಭೆಯ ವಿಸ್ತಾರ ಮಧ್ವರದಲ್ಲ, ಅವರ ಪಟ್ಟಿಯನ್ನು ಹಿಡಿದು ನಾನು ಓದಿದ್ದು. ತಿಳಿದೂ ತಿಳಿದೂ ತಪ್ಪು ಮಾಡುವ ಮನುಷ್ಯನ ಒಳಗಿನ ಚಿತ್ರ ಇದಕ್ಕಿಂತ ನಿಖರವಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮಧ್ವರು ಯುದ್ಧ ನಡೆಯಲೇ ಇಲ್ಲ ಎಂದು ಎಲ್ಲಿಯೂ ಹೇಳಲಿಲ್ಲ. ಅವರಿಗೆ ಭೀಮ ಹತ್ತು ಗುಣಗಳ ಮೊತ್ತವೂ ಹೌದು, ಗದೆ ಹಿಡಿದ ಕುಂತಿಯ ಮಗನೂ ಹೌದು. ಒಂದು ಅರ್ಥ ಬಂದರೆ ಇನ್ನೊಂದು ಹೊರಡಬೇಕಿಲ್ಲ. ‘ಇದು ಇತಿಹಾಸವೋ ರೂಪಕವೋ, ಒಂದನ್ನು ಆರಿಸಿ’ ಎಂಬ ಒತ್ತಾಯ ನಮ್ಮ ಕಾಲದ್ದು.

ಮಧ್ವರಿಗಿಂತ ಮೊದಲೇ, ಸುಮಾರು ಸಾವಿರ ವರ್ಷದ ಹಿಂದೆ, ಕಾಶ್ಮೀರದಲ್ಲಿ ಅಭಿನವಗುಪ್ತ ಗೀತೆಗೆ ಬರೆದ ‘ಗೀತಾರ್ಥಸಂಗ್ರಹ’ದ ಆರಂಭದಲ್ಲೇ ಇಂಥದೊಂದು ಓದನ್ನು ದಾಖಲಿಸಿದ್ದಾನೆ. ಕೆಲವರು ಹೀಗೂ ವಿವರಿಸುತ್ತಾರೆ ಎನ್ನುತ್ತ ಅವನು ಹೇಳುವುದಿಷ್ಟು: ಕುರುಕ್ಷೇತ್ರ ಎಂದರೆ ಇಂದ್ರಿಯಗಳ ನೆಲೆಯಾದ ಈ ಶರೀರ, ಅದೇ ಮೋಕ್ಷಕ್ಕೂ ಸಾಧನವಾದ್ದರಿಂದ ಧರ್ಮಕ್ಷೇತ್ರ, ಅಲ್ಲಿ ಎದುರುಬದುರಾಗಿ ನಿಂತವು ವಿದ್ಯೆ ಮತ್ತು ಅವಿದ್ಯೆ. ‘ನನ್ನದು, ನನ್ನದು’ ಎನ್ನುವುದೆಲ್ಲ ಅವಿದ್ಯೆಯ ಪಕ್ಷ. ಗೀತೆಯ ಮೊದಲ ಶ್ಲೋಕದಲ್ಲೇ ಧೃತರಾಷ್ಟ್ರ ತನ್ನ ಮಕ್ಕಳನ್ನು ‘ನನ್ನವರು’ ಎಂದೂ ತಮ್ಮನ ಮಕ್ಕಳನ್ನು ‘ಪಾಂಡವರು’ ಎಂದೂ ಬೇರೆ ಮಾಡಿ ಕೇಳುತ್ತಾನೆ. ಜಗಳ ಅಲ್ಲಿಂದಲೇ ಶುರುವಾಗಿದೆ. ಶಂಕರಾಚಾರ್ಯರಂತೂ ಮೊದಲ ಅಧ್ಯಾಯದ ರಣರಂಗದ ವರ್ಣನೆಗೆ ವ್ಯಾಖ್ಯಾನ ಬರೆಯುವ ಗೋಜಿಗೇ ಹೋಗಲಿಲ್ಲ. ಅವರ ಭಾಷ್ಯ ನಿಜವಾಗಿ ಆರಂಭವಾಗುವುದು ಎರಡನೆಯ ಅಧ್ಯಾಯದ 11ನೇ ಶ್ಲೋಕದಿಂದ, ಕೃಷ್ಣ ಉಪದೇಶಕ್ಕೆ ಬಾಯಿ ತೆರೆದಾಗ.

ಓದುಗರು ಇಲ್ಲಿ ಸಂಶಯಪಡಬಹುದು. ವ್ಯಾಖ್ಯಾನಕಾರರು ತಮಗೆ ಬೇಕಾದ್ದನ್ನು ಗ್ರಂಥದೊಳಗೆ ತುರುಕಿ ಹೊರತೆಗೆಯುತ್ತಿಲ್ಲವೇ? ಸಂಶಯ ನ್ಯಾಯವಾದದ್ದು. ಹಾಗಾಗಿ ಗೀತೆಯನ್ನೇ ಕೇಳಬೇಕು.

ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ: ಮನಸ್ಸಿಲ್ಲದಿದ್ದರೂ ಯಾರೋ ಬಲಾತ್ಕಾರವಾಗಿ ತಳ್ಳಿದ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ತಳ್ಳುವುದು ಯಾವುದು? ಕೃಷ್ಣನ ಉತ್ತರ ಕಾಮ ಮತ್ತು ಕ್ರೋಧ. ಅದರ ವಾಸಸ್ಥಾನ ಇಂದ್ರಿಯ, ಮನಸ್ಸು, ಬುದ್ಧಿ. ಅಧ್ಯಾಯದ ಕೊನೆಯಲ್ಲಿ ಕಾಮವೆಂಬ ಆ ಶತ್ರುವನ್ನು ಕೊಲ್ಲು ಎಂಬ ಆಜ್ಞೆ. ಎದುರಿಗೆ ಭೀಷ್ಮ, ದ್ರೋಣ, ಕರ್ಣರಂಥವರ ಸೇನೆ ನಿಂತಿದೆ; ಕೃಷ್ಣ ಶತ್ರುವೆಂದು ಬೆರಳು ತೋರಿಸಿದ್ದು ಕೇಳುತ್ತಿರುವವನ ಎದೆಯ ಕಡೆಗೆ. ನಾಲ್ಕನೆಯ ಅಧ್ಯಾಯ ಮುಗಿಯುವಾಗ ಕೈಗೆ ಬರುವ ಕತ್ತಿ ಜ್ಞಾನದ್ದು, ಕತ್ತರಿಸಬೇಕಾದ್ದು ಹೃದಯದಲ್ಲಿ ಕುಳಿತ ಸಂಶಯವನ್ನು. ರೂಪಕ ಇಲ್ಲಿ ವ್ಯಾಖ್ಯಾನಕಾರ ತಂದದ್ದಲ್ಲ. ಗ್ರಂಥವೇ ಹೊಸೆದದ್ದು.

ಹದಿಮೂರನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಈ ಶರೀರವನ್ನೇ ಕ್ಷೇತ್ರ ಎನ್ನುತ್ತಾರೆ, ಅದನ್ನು ತಿಳಿಯುವವನು ಕ್ಷೇತ್ರಜ್ಞ ಎಂದು ಹೇಳಿ, ಕ್ಷೇತ್ರದಲ್ಲಿ ಏನೇನಿದೆ ಎಂಬ ಪಟ್ಟಿ ಕೊಡುತ್ತದೆ. ಪಂಚಭೂತ, ಅಹಂಕಾರ, ಬುದ್ಧಿ, ಅವ್ಯಕ್ತ, ಹತ್ತು ಇಂದ್ರಿಯ, ಮನಸ್ಸು, ಇಂದ್ರಿಯದ ಐದು ವಿಷಯಗಳು. ಅದರ ಮೇಲೆ ಇಚ್ಛೆ, ದ್ವೇಷ, ಸುಖ, ದುಃಖ, ಇವೆಲ್ಲ ಸೇರಿದ ಸಂಘಾತ, ಚೇತನ, ಧೃತಿ. ಮೊದಲ ಬಾರಿ ಈ ಪಟ್ಟಿಯನ್ನು ನಿಧಾನವಾಗಿ ಓದಿದ ದಿನ ನಾನು ‘ಚೇತನ’ದ ಹತ್ತಿರ ನಿಂತುಬಿಟ್ಟೆ. ನಾನು ಎಚ್ಚರವಾಗಿದ್ದೇನೆ, ನನಗೆ ತಿಳಿಯುತ್ತಿದೆ ಎಂಬ ಚುರುಕುತನವೂ ಕ್ಷೇತ್ರದ ಪಟ್ಟಿಯಲ್ಲೇ ಇದೆ. ಸಿಟ್ಟು ಮಾತ್ರವಲ್ಲ, ‘ನಾನು ಸಿಟ್ಟಾಗಿದ್ದೇನೆ’ ಎಂಬ ಯೋಚನೆಯೂ ಹೊಲದೊಳಗಿನ ಬೆಳೆ. ನೋಡುವವನು ಅದರಿಂದಲೂ ಬೇರೆ. ಒಳಗಿನ ಓದು ಇಲ್ಲಿಗೆ ಬಂದು ಮುಟ್ಟುತ್ತದೆ: ಒಳ್ಳೆಯ ಗುಣ ಕೆಟ್ಟ ಗುಣಗಳ ಕಾದಾಟ ಅದರ ಹೊರ ಆವರಣ ಮಾತ್ರ; ಎರಡನ್ನೂ ಕಾಣುತ್ತಿರುವುದು ಯಾವುದು ಎಂಬ ವಿಚಾರ ಅದರ ತಿರುಳು. ನಮ್ಮಲ್ಲಿ ಅನುಭಾವ ಎಂದು ಕರೆದದ್ದು ಈ ತಿರುಳಿನ ಕಡೆಗಿನ ನಡಿಗೆಯನ್ನು.

ಗೀತೆಯಲ್ಲಿ ಇದಕ್ಕೆ ಎದುರಾದ ಸಾಕ್ಷ್ಯವೂ ಅಷ್ಟೇ ಬಲವಾಗಿದೆ. ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪ ತೋರಿಸಿದ ಕೃಷ್ಣ ದ್ರೋಣ, ಭೀಷ್ಮ, ಜಯದ್ರಥ, ಕರ್ಣ ಎಂದು ಹೆಸರು ಹಿಡಿದು, ಇವರನ್ನು ನಾನು ಆಗಲೇ ಕೊಂದಾಗಿದೆ, ನೀನು ನಿಮಿತ್ತ ಮಾತ್ರನಾಗು ಎನ್ನುತ್ತಾನೆ. ಹದಿನೆಂಟನೆಯ ಅಧ್ಯಾಯದ ಕೊನೆಯಲ್ಲಿ ಅರ್ಜುನ ನೀನು ಹೇಳಿದಂತೆ ಮಾಡುತ್ತೇನೆಂದು ಒಪ್ಪಿಕೊಂಡು ಗಾಂಡೀವ ಎತ್ತುತ್ತಾನೆ. ಅನಂತರ ಹದಿನೆಂಟು ದಿನ ಹೆಣ ಬೀಳುತ್ತವೆ.

ಅದಕ್ಕೇ ಕಳೆದ ಶತಮಾನದಲ್ಲಿ ಈ ಪ್ರಶ್ನೆಗೆ ಅಷ್ಟು ಕಾವು ಬಂತು. ಬಂಗಾಳದ ಅನುಶೀಲನ ಸಮಿತಿಯ ತರುಣರು ಗೀತೆಯನ್ನು ಮುಟ್ಟಿ ಪ್ರಮಾಣ ಮಾಡುತ್ತಿದ್ದರು. ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ‘ಗೀತಾರಹಸ್ಯ’ 1915ರಲ್ಲಿ ಅಚ್ಚಾಯಿತು. ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಗೀತೆ ಎಂದರೆ ಆ ಗ್ರಂಥ. ತಿಲಕರಿಗೆ ಗೀತೆ ಕರ್ಮದ ಕರೆ. ಅದನ್ನು ಮನಸ್ಸಿನೊಳಗಿನ ಯುದ್ಧ ಎಂದುಬಿಟ್ಟರೆ ಜನ ಕಣ್ಣು ಮುಚ್ಚಿ ಕುಳಿತುಬಿಡುತ್ತಾರೆ, ಪರರ ಆಳ್ವಿಕೆ ಹಾಗೆಯೇ ಉಳಿಯುತ್ತದೆ ಎಂಬ ಆತಂಕ ಆ ಕಾಲದ ದೇಶಭಕ್ತರಿಗೆ ಇದ್ದದ್ದು ಸಹಜ.

ಅರವಿಂದರ ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅಲೀಪುರ ಜೈಲಿನಲ್ಲಿ ಗೀತೆ ಹಿಡಿದು ಕುಳಿತವರು, ಅಲ್ಲಿಯ ಗೋಡೆಯಲ್ಲಿ, ಕಳ್ಳರಲ್ಲಿ, ನ್ಯಾಯಾಧೀಶನಲ್ಲಿ ವಾಸುದೇವನನ್ನೇ ಕಂಡೆನೆಂದು 1909ರಲ್ಲಿ ಉತ್ತರಪಾಡದ ಸಭೆಯಲ್ಲಿ ಹೇಳಿದವರು. ವೇದದ ಹಸು, ಕುದುರೆ, ವೃತ್ರರನ್ನೆಲ್ಲ ಬೆಳಕು, ಪ್ರಾಣಶಕ್ತಿ, ಅಜ್ಞಾನದ ಸಂಕೇತಗಳಾಗಿ ಓದಿದವರೂ ಅವರೇ. ಅಂಥ ಅನುಭಾವಿ ಗೀತೆಯ ವಿಷಯಕ್ಕೆ ಬಂದಾಗ, 1916ರಿಂದ ‘ಆರ್ಯ’ ಪತ್ರಿಕೆಯಲ್ಲಿ ಬರೆದ ಪ್ರಬಂಧಗಳಲ್ಲಿ, ಇದನ್ನು ಪೂರಾ ರೂಪಕವಾಗಿ ಕರಗಿಸಬೇಡಿ ಎಂದರು. ಅವರ ವಾದದ ಸಾರ ಇದು: ಒಬ್ಬ ನಿಜವಾದ ಮನುಷ್ಯ, ಒಂದು ನಿಜವಾದ ಭಯಂಕರ ಕೆಲಸದ ಎದುರು ನಿಂತು ನಡುಗುತ್ತಿದ್ದಾನೆ. ಆ ನಡುಕದಲ್ಲೇ ಗೀತೆಯ ಪ್ರಶ್ನೆ ಇದೆ. ಯುದ್ಧವನ್ನು ತೆಗೆದರೆ ಪ್ರಶ್ನೆಯ ಹಲ್ಲು ಉದುರಿಹೋಗುತ್ತದೆ.

ಗಾಂಧೀಜಿ ಇದಕ್ಕೆ ತಿರುಗಿ ನಿಂತರು. ಅವರು ಗೀತೆಯನ್ನು ಮೊದಲು ಓದಿದ್ದು 1888–89ರ ಸುಮಾರಿಗೆ ಲಂಡನ್ನಿನಲ್ಲಿ, ಎಡ್ವಿನ್ ಅರ್ನಾಲ್ಡನ ಇಂಗ್ಲಿಷ್ ಅನುವಾದದಲ್ಲಿ, ಇಬ್ಬರು ಥಿಯಾಸಫಿಸ್ಟ್ ಗೆಳೆಯರ ಜೊತೆ. ಆಗಲೇ ಇದು ಮನುಷ್ಯನ ಹೃದಯದಲ್ಲಿ ಎಡೆಬಿಡದೆ ನಡೆಯುವ ದ್ವಂದ್ವಯುದ್ಧದ ವರ್ಣನೆ ಎಂದು ತಮಗೆ ಅನ್ನಿಸಿತ್ತೆಂದು ಬರೆದುಕೊಂಡಿದ್ದಾರೆ. 1926ರಲ್ಲಿ ಸಾಬರಮತಿಯ ಪ್ರಾರ್ಥನೆಯ ಹೊತ್ತಿನಲ್ಲಿ ಫೆಬ್ರವರಿಯಿಂದ ನವೆಂಬರ್‌ವರೆಗೆ ಶ್ಲೋಕಶ್ಲೋಕವಾಗಿ ಗೀತೆಯನ್ನು ಬಿಡಿಸಿ ಹೇಳಿದರು. ಸ್ಥಿತಪ್ರಜ್ಞನ ಲಕ್ಷಣ ಹೇಳುವ ಎರಡನೆಯ ಅಧ್ಯಾಯದ ಕೊನೆಯ 19 ಶ್ಲೋಕಗಳು ಆಶ್ರಮದ ಪ್ರಾರ್ಥನೆಯ ಭಾಗವಾಗಿದ್ದವು.

‘ಅನಾಸಕ್ತಿಯೋಗ’ದ ಮುನ್ನುಡಿಯಲ್ಲಿ ಒಂದು ಕಡೆ ಅವರು ತೋರಿಸುವ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಗೀತೆಯ ಅಕ್ಷರಾರ್ಥ ಹಿಡಿದು, ಫಲತ್ಯಾಗಿಯೂ ಯುದ್ಧ ಮಾಡಬಹುದೆಂದು ವಾದಿಸಲು ಎಡೆ ಇದೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಗ್ರಂಥ ನನ್ನ ಮಾತನ್ನೇ ಹೇಳುತ್ತದೆ ಎಂದು ಮೊಂಡು ಹಿಡಿಯುವುದಿಲ್ಲ. ಆದರೆ ನಲವತ್ತು ವರ್ಷ ಗೀತೆಯನ್ನು ಬದುಕಿನಲ್ಲಿ ನಡೆಸಲು ಯತ್ನಿಸಿದ ಮೇಲೆ, ಪೂರ್ಣ ಅಹಿಂಸೆಯಿಲ್ಲದೆ ಪೂರ್ಣ ಫಲತ್ಯಾಗ ಸಾಧ್ಯವಿಲ್ಲವೆಂದು ಕಂಡುಕೊಂಡೆ ಎನ್ನುತ್ತಾರೆ. ಅವರ ಪ್ರಮಾಣ ವ್ಯಾಕರಣವೂ ಅಲ್ಲ, ಭಾಷ್ಯವೂ ಅಲ್ಲ. ನಲವತ್ತು ವರ್ಷದ ನಡೆ. ರೂಪಕದ ಓದಿಗೆ ಅಧಿಕಾರ ಬರುವುದು ಹೀಗೆ ಎಂದು ನಾನು ನಂಬುತ್ತೇನೆ. ಸುಮ್ಮನೆ ಕುಳಿತು ‘ಅರ್ಜುನ ಎಂದರೆ ಜೀವ, ಕೃಷ್ಣ ಎಂದರೆ ಆತ್ಮ’ ಎಂದು ಪಟ್ಟಿ ಹಾಕುವುದಕ್ಕೆ ಆ ಅಧಿಕಾರ ಇಲ್ಲ.

ಪಟ್ಟಿಗಳ ತೊಂದರೆ ಏನೆಂದರೆ ಅವು ಒಂದಕ್ಕೊಂದು ಹೊಂದುವುದಿಲ್ಲ. ಕ್ರಿಯಾಯೋಗದ ಪರಮಹಂಸ ಯೋಗಾನಂದರ ಗೀತಾವ್ಯಾಖ್ಯಾನ ಅವರ ನಿಧನದ ಎಷ್ಟೋ ವರ್ಷಗಳ ಮೇಲೆ, 1995ರಲ್ಲಿ, ಪುಸ್ತಕವಾಗಿ ಬಂತು. ಅದರಲ್ಲಿ ಐವರು ಪಾಂಡವರು ಬೆನ್ನುಹುರಿಯ ಐದು ಚಕ್ರಗಳು: ಸಹದೇವ ಮೂಲಾಧಾರ, ನಕುಲ ಸ್ವಾಧಿಷ್ಠಾನ, ಅರ್ಜುನ ಮಣಿಪೂರ, ಭೀಮ ಅನಾಹತ, ಯುಧಿಷ್ಠಿರ ವಿಶುದ್ಧ. ಭೀಷ್ಮ ಅಹಂಕಾರ, ದ್ರೋಣ ಸಂಸ್ಕಾರ. ಮಧ್ವರಲ್ಲಿ ಅಹಂಕಾರ ಅಶ್ವತ್ಥಾಮ, ದ್ರೋಣ ಇಂದ್ರಿಯ. ಯಾರ ಪಟ್ಟಿ ಸರಿ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಜೀವಮಾನ ಮುಗಿಯುತ್ತದೆ. ಯೋಗಾನಂದರ ಪಟ್ಟಿ ಧ್ಯಾನಕ್ಕೆ ಕುಳಿತವನಿಗಾಗಿ ಮಾಡಿದ್ದು, ಮಧ್ವರದು ತನ್ನ ದೋಷ ತಿದ್ದಿಕೊಳ್ಳುವ ಭಕ್ತನಿಗಾಗಿ. ಎರಡಕ್ಕೂ ಅವುಗಳ ಸಾಧನೆಯ ಒಳಗೆ ಬೆಲೆ ಇದೆ. ಆ ಸಾಧನೆ ಬಿಟ್ಟು ಪಟ್ಟಿಯನ್ನಷ್ಟೆ ಹಿಡಿದುಕೊಂಡರೆ ಅದು ಪದಬಂಧ ಬಿಡಿಸಿದ ಹಾಗೆ.

ಬೇರೆ ಧರ್ಮಗಳೂ ಈ ದಾರಿ ತುಳಿದಿವೆ. ಒಂದನೇ ಶತಮಾನದ ಅಲೆಕ್ಸಾಂಡ್ರಿಯಾದ ಯಹೂದಿ ಚಿಂತಕ ಫೈಲೋ, ಅಬ್ರಹಾಮ ತನ್ನ ದೇಶ ಬಿಟ್ಟು ಹೊರಟದ್ದನ್ನು ಆತ್ಮ ದೇಹಾಭಿಮಾನ ಬಿಟ್ಟು ಹೊರಡುವ ಪಯಣವಾಗಿ ಓದಿದ. ಅವನ ಕಾಲದ ಕೆಲವರು ಒಳಗಿನ ಅರ್ಥ ಗೊತ್ತಾಯಿತಲ್ಲ, ಇನ್ನು ಸಬ್ಬತ್ತು, ಸುನ್ನತಿ ಇವೆಲ್ಲ ಯಾಕೆ ಎಂದು ಬಿಟ್ಟುಬಿಟ್ಟರು. ಫೈಲೋ ಅವರನ್ನು ಗದರಿದ. ಒಳ ಅರ್ಥ ಆತ್ಮದಂತೆ, ಹೊರ ಆಚರಣೆ ದೇಹದಂತೆ. ಆತ್ಮದ ಮನೆಯಾದ ದೇಹವನ್ನೂ ನೋಡಿಕೊಳ್ಳಬೇಕಲ್ಲ ಎಂದ. ಅವನಿಗೂ ಮಧ್ವರಿಗೂ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರ, ಸಮುದ್ರದಾಚೆಯ ದೂರ. ಹೇಳಿದ್ದು ಹೆಚ್ಚುಕಡಿಮೆ ಒಂದೇ.

ನಮ್ಮ ಓದಿಗೆ ಒಬ್ಬ ನಿವೃತ್ತ ಹವಾಲ್ದಾರರು ಬರುತ್ತಾರೆ. 1999ರಲ್ಲಿ ಕಾರ್ಗಿಲ್‌ನಲ್ಲಿ ಇದ್ದವರು. ಒಂದು ದಿನ ನಾನು ಅಭಿನವಗುಪ್ತನ ಮಾತನ್ನು ಉತ್ಸಾಹದಿಂದ ವಿವರಿಸಿ ಮುಗಿಸಿದಾಗ ಅವರು ಮೆಲ್ಲಗೆ ಕೇಳಿದರು: “ಮಾಷ್ಟ್ರೇ, ಒಂದು ಮಾತು ಹೇಳಲೋ? ನನ್ನ ಪಕ್ಕದಲ್ಲಿದ್ದ ಹುಡುಗ ಹೋದ. ಅವನ ಅಮ್ಮನಿಗೆ ನಾನೇ ಕಾಗದ ಬರೆದೆ. ಯುದ್ಧ ಎಲ್ಲ ಮನಸ್ಸಿನೊಳಗೆ ಅಂತ ಆ ಅಮ್ಮನ ಹತ್ತಿರ ಹೇಳಲಿಕ್ಕೆ ಆಗುತ್ತದೋ?”

ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಅವರೇ ಮುಂದುವರಿಸಿದರು: “ಆದರೆ ಒಂದುಂಟು. ಬಂದೂಕು ಹಿಡಿದಾಗ ಎದುರಿನವನ ಮೇಲೆ ದ್ವೇಷ ಇಟ್ಟುಕೊಂಡವನ ಕೈ ನಡುಗುತ್ತದೆ. ಕೆಲಸ ಮಾಡಿದವನ ಕೈ ನಡುಗುವುದಿಲ್ಲ. ಅಲ್ಲಿ ಎರಡು ಯುದ್ಧ ಇತ್ತು, ಮಾಷ್ಟ್ರೇ. ಒಂದು ಮುಗಿಯಿತು. ಇನ್ನೊಂದು ಊರಿಗೆ ಬಂದ ಮೇಲೂ ನಡೆಯುತ್ತಿದೆ.”

ಅರವಿಂದರ ವಾದವನ್ನೂ ಗಾಂಧೀಜಿಯ ವಾದವನ್ನೂ ಒಟ್ಟಿಗೆ ಹಿಡಿದ ಇಂಥ ಮಾತನ್ನು ನಾನು ಯಾವ ಭಾಷ್ಯದಲ್ಲೂ ಓದಿಲ್ಲ.

ಇನ್ನೊಬ್ಬರು ಐವತ್ತು ದಾಟಿದ ಹೆಂಗಸು. ತಂದೆ ತೀರಿಕೊಂಡ ಮೇಲೆ ಜಾಗದ ಪಾಲಿನ ವಿಷಯದಲ್ಲಿ ಅಣ್ಣನ ಜೊತೆ ಕೋರ್ಟು ಹತ್ತಿದವರು. ದುರ್ಯೋಧನ ಎಂದರೆ ಅಜ್ಞಾನ ಎಂಬ ಮಧ್ವರ ಮಾತು ಬಂದ ದಿನ ಅವರು ಎದ್ದುನಿಂತು, “ದುರ್ಯೋಧನ ಯಾರು ಅಂತ ನನಗೆ ಸರಿಯಾಗಿ ಗೊತ್ತು, ಮಾಷ್ಟ್ರೇ. ನಮ್ಮ ಅಣ್ಣ. ಸೂಜಿಮೊನೆಯಷ್ಟು ಜಾಗವೂ ಕೊಡುವುದಿಲ್ಲ ಅಂದವ,” ಎಂದರು.

ಇಲ್ಲಿ ಒಳಗಿನ ಓದು ಹೇಳುವವನು ಎಚ್ಚರದಿಂದಿರಬೇಕು. ‘ಅಮ್ಮಾ, ದುರ್ಯೋಧನ ನಿಮ್ಮೊಳಗೇ ಇದ್ದಾನೆ, ಜಾಗದ ಆಸೆ ಬಿಡಿ’ ಎಂದು ಹೇಳುವುದು ಸುಲಭ. ಅನ್ಯಾಯವಾದವರ ಬಾಯಿ ಮುಚ್ಚಿಸಲು ವೇದಾಂತವನ್ನು ಬಳಸುವ ಕೆಟ್ಟ ರೂಢಿ ನಮ್ಮಲ್ಲಿ ಹಳೆಯದು, ಹೆಂಗಸರ ಮೇಲಂತೂ ಅದನ್ನು ಹೆಚ್ಚು ಬಳಸಿದ್ದೇವೆ. 2005ರ ಕಾನೂನು ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಅದನ್ನು ಕೇಳುವುದು ಲೋಭ ಅಲ್ಲ. ಪಾಂಡವರು ಕೇಳಿದ್ದೂ ಪಾಲನ್ನೇ. ವ್ಯಾಜ್ಯ ಬಿಡಿ ಎಂದು ನಾನು ಹೇಳಲಿಲ್ಲ.

ಕೆಲವು ವಾರ ಕಳೆದು, ಹದಿಮೂರನೆಯ ಅಧ್ಯಾಯ ನಡೆಯುತ್ತಿದ್ದಾಗ, ಅವರೇ ಹೇಳಿದರು: “ಅಣ್ಣ ನಮ್ಮ ಮನೆ ಮೆಟ್ಟಿಲು ಹತ್ತದೆ ಎಷ್ಟೋ ಕಾಲ ಆಯಿತು. ಆದರೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವನು ನನ್ನ ತಲೆಯೊಳಗೇ ಕೂತಿರುತ್ತಾನೆ. ಪಾತ್ರೆ ತೊಳೆಯುವಾಗ ಅವನ ಹತ್ತಿರ ವಾದ, ಬಟ್ಟೆ ಒಣಗಿಸುವಾಗ ವಾದ. ನಿನ್ನೆ ವಾದ ಮಾಡುತ್ತಿರುವಾಗಲೇ ಅದು ನನಗೆ ಕಂಡಿತು.”

ಕಂಡಿತು ಎಂದರಲ್ಲ, ಅದೇ ಕ್ಷೇತ್ರಜ್ಞನ ಪಾಠ. ವ್ಯಾಜ್ಯ ಈಗಲೂ ಕೋರ್ಟಿನಲ್ಲಿದೆ. ಹೊರಗಿನ ಅಣ್ಣ ಬೇರೆ, ತಲೆಯೊಳಗೆ ಕುಳಿತವನು ಬೇರೆ. ಮೊದಲನೆಯವನನ್ನು ವಕೀಲರು ನೋಡಿಕೊಳ್ಳುತ್ತಾರೆ, ಎರಡನೆಯವನನ್ನು ಅವರೇ ನೋಡಿಕೊಳ್ಳಬೇಕು.

ರೂಪಕದ ಓದನ್ನು ನಾನು ಎಲ್ಲ ಕಡೆಗೂ ಒಪ್ಪುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಏಕಲವ್ಯನ ಹೆಬ್ಬೆರಳು ಯಾವ ಗುಣದ ಸಂಕೇತವೂ ಅಲ್ಲ. ಅದನ್ನು ‘ಅಹಂಕಾರದ ತ್ಯಾಗ’ ಎಂದು ವಿವರಿಸುವ ಪ್ರವಚನಗಳನ್ನು ನಾನು ಕೇಳಿದ್ದೇನೆ; ಕೇಳಿ ಸಂಕಟಪಟ್ಟಿದ್ದೇನೆ. ಕುವೆಂಪು ‘ಬೆರಳ್‌ಗೆ ಕೊರಳ್’ ಬರೆದದ್ದು ಆ ಬೆರಳನ್ನು ಬೆರಳೆಂದೇ ತಿಳಿದು. ಗೀತೆಯ ಗುಣಕರ್ಮ ವಿಭಾಗದ ಮಾತು ಸಮಾಜದಲ್ಲಿ ಏನು ಮಾಡಿತೆಂದು ಅಂಬೇಡ್ಕರರು ಕಠಿಣವಾಗಿ ಪ್ರಶ್ನಿಸಿದರು. ‘ಅದೆಲ್ಲ ಒಳಗಿನ ಅರ್ಥ’ ಎಂದು ಅವರಿಗೆ ಉತ್ತರ ಕೊಟ್ಟರೆ ಅದು ಉತ್ತರವಾಗುವುದಿಲ್ಲ. ನೋವು ಉಂಡವರು ನಿಜವಾಗಿ ಉಂಡಿದ್ದಾರೆ. ರೂಪಕದ ಓದಿಗೆ ವಿರುದ್ಧ ದಿಕ್ಕಿನಲ್ಲಿ ಹೊರಟ ಭೈರಪ್ಪನವರ ‘ಪರ್ವ’ ಪವಾಡ, ದೈವತ್ವಗಳನ್ನೆಲ್ಲ ಕಳಚಿ ಭಾರತವನ್ನು ಬೆವರಿನ, ಕೀವಿನ, ಮುಪ್ಪಿನ ಕಥೆಯಾಗಿ ಹೇಳಿತು. ಒಳಗಿನ ಅರ್ಥ ಹುಡುಕುವವರು ಆ ಕಾದಂಬರಿಯನ್ನೂ ಓದಬೇಕು, ಕಾಲು ನೆಲಕ್ಕೆ ಅಂಟಿಕೊಂಡಿರಲು.

ಹಾಗಾದರೆ ಒಳ್ಳೆಯ ರೂಪಕದ ಓದನ್ನು ಗುರುತಿಸುವುದು ಹೇಗೆಂದು ಕಾಲೇಜು ಹುಡುಗರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ಆ ಓದು ಮುಗಿದಾಗ ಶತ್ರು ಎಲ್ಲಿ ಉಳಿದ ನೋಡು. ನೆರೆಮನೆಯಲ್ಲಿ, ಬೇರೆ ಜಾತಿಯಲ್ಲಿ, ಬೇರೆ ಧರ್ಮದಲ್ಲಿ ಉಳಿದಿದ್ದರೆ ಅದು ರೂಪಕದ ಬಟ್ಟೆ ತೊಟ್ಟ ಹಳೆಯ ಹಗೆತನ. ನಿನ್ನೊಳಗೆ ಉಳಿದಿದ್ದು, ಅದರ ಜೊತೆಗೆ ಹೊರಗಿನ ಅನ್ಯಾಯವೂ ನಿನ್ನ ಕಣ್ಣಿಗೆ ಕಾಣುತ್ತಿದ್ದರೆ, ಧೈರ್ಯವಾಗಿ ಮುಂದೆ ಓದು. ಗೋಡ್ಸೆಯ ಓದು ಸೋತದ್ದು ಅಕ್ಷರಾರ್ಥದಿಂದಷ್ಟೇ ಅಲ್ಲ. ತನ್ನನ್ನು ಅರ್ಜುನನ ಜಾಗದಲ್ಲೂ ಇನ್ನೊಬ್ಬನನ್ನು ಶತ್ರುವಿನ ಜಾಗದಲ್ಲೂ ನಿಲ್ಲಿಸಿಕೊಂಡ ಮೇಲೆ ಮೂರನೆಯ ಅಧ್ಯಾಯದ ಕೊನೆಯ ಶ್ಲೋಕ ಅವನ ಕಣ್ಣಿಗೆ ಬೀಳಲೇ ಇಲ್ಲ.

ಗೀತೆ ಓದಲು ಹೊರಟವರಲ್ಲಿ ನನ್ನದೊಂದು ವಿನಂತಿ. ಮೊದಲ ಅಧ್ಯಾಯದಿಂದ ಆರಂಭಿಸಿ ಅಲ್ಲೇ ನಿಲ್ಲಬೇಡಿ. ಮೂರನೆಯದರ ಕೊನೆಯ ಭಾಗವನ್ನೂ ಹದಿಮೂರನೆಯದರ ಪಟ್ಟಿಯನ್ನೂ ನಿಧಾನವಾಗಿ ಓದಿ. ಹದಿನೆಂಟು ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿಡದೆ ಭಾರತದ ಸ್ತ್ರೀಪರ್ವವನ್ನೂ ಓದಿ. ರಣರಂಗದಲ್ಲಿ ಹೆಣಗಳ ನಡುವೆ ಗಾಂಧಾರಿ, ಸೊಸೆಯಂದಿರು ತಮ್ಮವರನ್ನು ಹುಡುಕುವ ಭಾಗ ಅದು. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ. ಉಳಿದದ್ದನ್ನು ಕನ್ನಡದಲ್ಲಿ ತಿಮ್ಮಣ್ಣಕವಿ ಹೇಳಿದ. ಪದ್ಯ ಕಷ್ಟವೆನಿಸಿದವರಿಗೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಇದೆ, ಊರಿನ ಗ್ರಂಥಾಲಯದಲ್ಲಿ ಕೇಳಿದರೆ ಸಿಗುತ್ತದೆ.